ಅಡ್ಡಸಾಲಿನವರು, ಕಂಬಸಾಲಿನವರು

ಸಂಖ್ಯಾಶಾಸ್ತ್ರ ಕಲಿಸುವವರ ಜೀವನದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಬಹಳ. ಅವರಿಗೆ ನಾನು ಹೇಳುವುದಿಷ್ಟೆ. ಒಂದು ಹಾಳೆ ತಗೊಳ್ಳಿ. ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ ಎಳೆಯಿರಿ. ಆಮೇಲೆ ಬಳ್ಳಾರಿ ಜಿಲ್ಲೆಯ ಯಾವ ಊರಿಗಾದರೂ ಹೋಗಿ ನಾಲ್ಕು ಜನರಿಗೆ ಒಂದು ಪ್ರಶ್ನೆ ಕೇಳಿ. ನಗದೆ ಹಿಂತಿರುಗಿ ಬಂದರೆ ನನ್ನನ್ನು ಕೇಳಿ.

ನಾನು ಪಿಯು ಕಾಲೇಜಿನಲ್ಲಿ ಪಾಠ ಹೇಳುವವಳು. ಮೊದಲು ಸಿರುಗುಪ್ಪ, ಆಮೇಲೆ ಕುರುಗೋಡು, ಈಗ ಬಳ್ಳಾರಿ. ಎಲ್ಲಿ ಹೋದರೂ ವರ್ಷಕ್ಕೊಮ್ಮೆ ಈ ಪಾಠ ಬಂದೇ ಬರುತ್ತದೆ: ಜನರನ್ನು ಕೇಳಿ ತಂದ ಉತ್ತರಗಳನ್ನು ಅಡ್ಡಸಾಲು, ಕಂಬಸಾಲು ಹಾಕಿ ತುಂಬುವುದು, ಅದರಿಂದ ಸಂಭವನೀಯತೆ ತೆಗೆಯುವುದು. ಇಷ್ಟು ಜನರಲ್ಲಿ ಕಣ್ಣು ಮುಚ್ಚಿ ಒಬ್ಬರನ್ನು ಆರಿಸಿದರೆ ಅವರು ಇಂಥವರಾಗಿರುವ ಅವಕಾಶ ಎಷ್ಟು, ಅಷ್ಟೇ ವಿಷಯ. ಮೊದಲ ವರ್ಷ ಅರ್ಧ ತರಗತಿ ಅದನ್ನು 'ಸಂಭಾವನೆ' ಎಂದು ಬರೆದುಕೊಂಡಿತ್ತು. ಇನ್ನರ್ಧ ಬರೆದುಕೊಂಡೇ ಇರಲಿಲ್ಲ.

ನಲವತ್ತರಲ್ಲಿ ನಲವತ್ತಮೂರು

ಸಿರುಗುಪ್ಪದಲ್ಲಿ ಈ ಪಾಠ ಮೊದಲ ಸಲ ಮಾಡಿದ ದಿನ. ಪುಸ್ತಕದ ಉದಾಹರಣೆಯಲ್ಲಿ ಯಾವುದೋ ದೇಶದ ಯಾರೋ ಯಾವುದೋ ಆಟ ಆಡುತ್ತಿದ್ದರು. ಅದು ಬೇಡ ಅನಿಸಿತು. ತರಗತಿಯಲ್ಲಿ ನಲವತ್ತು ಮಕ್ಕಳು, ಇಪ್ಪತ್ತೆರಡು ಹುಡುಗರು, ಹದಿನೆಂಟು ಹುಡುಗಿಯರು. "ಇವತ್ತು ಬೆಳಿಗ್ಗೆ ಒಗ್ಗರಣಿ ಮಂಡಕ್ಕಿ ತಿಂದವರು ಕೈ ಎತ್ರಿ" ಎಂದೆ. ಎಣಿಸಿ ಬರೆದೆ. "ಇಡ್ಲಿ ತಿಂದವರು?" ಅದನ್ನೂ ಬರೆದೆ. ಕೂಡಿಸಿದೆ. ನಲವತ್ತಮೂರು ಬಂತು.

ಮತ್ತೊಮ್ಮೆ ಕೂಡಿಸಿದೆ. ನಲವತ್ತಮೂರೇ. ಕೆಲಸಕ್ಕೆ ಸೇರಿ ಹನ್ನೆರಡು ದಿನವಾಗಿತ್ತು. ಬೆನ್ನ ಹಿಂದೆ ನಲವತ್ತು ಜೊತೆ ಕಣ್ಣು. ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಮೆತ್ತಗಾಯಿತು.

"ಎರಡು ಸಲ ಕೈ ಎತ್ತಿದವರು ಯಾರು?" ಎಂದೆ.

ಮೂವರು ಕೂತಲ್ಲೇ ಕೈ ಎತ್ತಿದರು. ಇಬ್ಬರು ಹುಡುಗರು, ಒಬ್ಬ ಹುಡುಗಿ. ಆ ಹುಡುಗಿ ಸ್ವಲ್ಪವೂ ಅಳುಕದೆ, "ಇಡ್ಲಿ ತಿಂದ ಮ್ಯಾಲೆ ಒಗ್ಗರಣಿ ತಿನ್ನಬಾರದಂತ ಯಾ ಪಾಠದಾಗ ಐತ್ರೀ ಮೇಡಂ?" ಎಂದಳು.

"ತಿನ್ನಬಹುದು. ಆದರೆ ಕೋಷ್ಟಕದಲ್ಲಿ ಒಬ್ಬರು ಒಂದೇ ಮನೆಯಲ್ಲಿ ಕೂರಬೇಕು. ಯಾವುದಾದರೂ ಒಂದಕ್ಕೆ ಕೈ ಎತ್ತು" ಎಂದೆ.

ಮತ್ತೆ ಎಣಿಸಿದೆ. ಈ ಸಲ ಮೂವತ್ತೇಳು. ಮೂವರಿಗೂ ಸಿಟ್ಟು ಬಂದು ಎರಡಕ್ಕೂ ಕೈ ಎತ್ತಿರಲಿಲ್ಲ. "ಒಂದೇ ಅನ್ನೋದಾದ್ರ ಯಾವುದೂ ಬ್ಯಾಡ್ರಿ" ಎಂದ ಒಬ್ಬ.

ಆಗ ನನಗೆ ತಿಳಿಯಿತು, ತಪ್ಪು ಅವರದಲ್ಲ, ನನ್ನ ಗೆರೆಯದು ಎಂದು. ಹಲಗೆಯ ಮೇಲೆ ಇನ್ನೊಂದು ಗೆರೆ ಎಳೆದು ಮೂರನೆಯ ಕಂಬಸಾಲು ಮಾಡಿದೆ: 'ಎರಡೂ'. ಒಗ್ಗರಣೆ ಮಾತ್ರ ಇಪ್ಪತ್ತೆರಡು, ಇಡ್ಲಿ ಮಾತ್ರ ಹದಿನೈದು, ಎರಡೂ ಮೂರು. ಕೂಡಿಸಿದರೆ ನಲವತ್ತು! ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿಕೊಂಡೆ. ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ ನಾನು ನಿಜವಾದ ಮೇಡಂ ಅನಿಸಿತು.

"ಈಗ ಹೇಳ್ರಿ. ಕಣ್ಣು ಮುಚ್ಚಿ ಒಬ್ಬರನ್ನು ಎಬ್ಬಿಸಿದರೆ, ಅವರು ಎರಡೂ ತಿಂದವರಾಗಿರುವ ಸಂಭವನೀಯತೆ ಎಷ್ಟು?"

"ನಲವತ್ತರಾಗ ಮೂರು!" ಎಂದು ಇಡೀ ತರಗತಿ ಕೂಗಿತು.

ಆ ಹುಡುಗಿ ಮಾತ್ರ ತಲೆ ಅಲ್ಲಾಡಿಸಿದಳು. "ಸೊನ್ನೆ ಮೇಡಂ. ಎರಡೂ ತಿಂದಾವರನ್ನ ಎಬ್ಬಿಸಿದ್ರ ಏಳಾಕೇ ಆಗಂಗಿಲ್ಲ."

ಮಾತಿಲ್ಲದ ಕಾಲಂ

ಅದೇ ವರ್ಷ ಒಂದು ಭಾನುವಾರ ಹತ್ತು ಮಕ್ಕಳನ್ನು ರಾರಾವಿಗೆ ಕರೆದುಕೊಂಡು ಹೋದೆ. ಅತ್ತ ಹೋದರೆ ಆಂಧ್ರ, ಇತ್ತ ಬಂದರೆ ಕರ್ನಾಟಕ ಅನ್ನುವಂಥ ಊರು. ನಮ್ಮ ಪ್ರಶ್ನೆ ಒಂದೇ: ಮನೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಯಾವ ಭಾಷೆಯಲ್ಲಿ ಮಾತಾಡುತ್ತೀರಿ? ಅಡ್ಡಸಾಲಿಗೆ ಗಂಡಸರು, ಹೆಂಗಸರು. ಕಂಬಸಾಲಿಗೆ ಕನ್ನಡ, ತೆಲುಗು, ಉರ್ದು. ಈ ಸಲ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ಬೀಗಿಕೊಂಡೇ ಹೋಗಿದ್ದೆ.

ಒಂದು ಮನೆಯ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳು. ಕಟ್ಟೆಯ ಆ ತುದಿಯಲ್ಲಿ ಅಜ್ಜ ಬೆನ್ನು ತಿರುಗಿಸಿ ಕೂತಿದ್ದ. ನನ್ನ ವಿದ್ಯಾರ್ಥಿನಿ ಹಾಳೆ ಹಿಡಿದು ಕೇಳಿದಳು, "ಅಜ್ಜೀ, ಮನ್ಯಾಗ ಅಜ್ಜನ ಕೂಡ ಯಾ ಭಾಷಿ ಮಾತಾಡ್ತಿ?"

"ಯಾ ಭಾಷಿನೂ ಇಲ್ಲವ್ವ. ಮಾತು ಬಿಟ್ಟು ಎಂಟು ತಿಂಗಳಾತು."

ಹುಡುಗಿ ನನ್ನ ಮುಖ ನೋಡಿದಳು. "ಮೇಡಂ, ಯಾ ಕಾಲಮ್ಮಿಗೆ ಹಾಕ್ಲಿ?"

ಒಗ್ಗರಣೆಯಿಂದ ಕಲಿತ ಬುದ್ಧಿ ನನ್ನಲ್ಲಿತ್ತು. "ಹೊಸ ಕಾಲಂ ಹಾಕು. 'ಮಾತಿಲ್ಲ' ಅಂತ ಬರಿ" ಎಂದೆ. ಅವಳು ಅಡಿಪಟ್ಟಿ ಇಟ್ಟು ನೀಟಾಗಿ ಗೆರೆ ಎಳೆದಳು.

ಅಷ್ಟರಲ್ಲಿ ಅಜ್ಜ ತಿರುಗದೆಯೇ, "ನಾದಿ ತೆಲುಗು ಅನಿ ರಾಸ್ಕೋಮ್ಮಾ" ಎಂದು, ತನ್ನದು ತೆಲುಗು ಅಂತ ಬರೆಸಿದ.

ಅಜ್ಜಿ ಹುಡುಗಿಗೆ ಹೇಳಿದಳು, "ಯಾರ ಕೂಡ ಆಡ್ತಾನಂತ ತೆಲುಗು? ಎಮ್ಮಿ ಕೂಡೇನು, ಕೇಳು."

ಅಜ್ಜ ಕನ್ನಡಕ್ಕೆ ಇಳಿಯದೆ, ಎಮ್ಮೆಯಾದರೂ ತಿರುಗಿ ಮಾತಾಡುವುದಿಲ್ಲ ಎಂದು ಹೇಳು ಎಂದ.

ಅಜ್ಜಿಯ ಕೈಯಲ್ಲಿದ್ದ ಮೆಣಸಿನಕಾಯಿ ಬುಟ್ಟಿಗೆ ಬಿತ್ತು. ಹುಡುಗಿಯನ್ನು ಪಕ್ಕಕ್ಕೆ ಸರಿಸಿ ಅವಳು ನೇರ ಅಜ್ಜನಿಗೇ ಕೇಳಿದಳು, "ನಾ ತಿರುಗಿ ಮಾತಾಡಿದ್ನೇನು? ಎಂಟು ತಿಂಗಳು ತುಟಿ ಬಿಚ್ಚಿದ್ನೇನು? ನನ್ನ ತವರುಮನಿ ಹಿತ್ತಾಳಿ ಕೊಳಗಾ ಒಂದು ಮಾತು ಕೇಳದಂಗ ನಿನ್ನ ತಂಗಿಗೆ ಎತ್ತಿ ಕೊಟ್ಟಾವ ಯಾರು?"

ಅಜ್ಜ ಈಗ ತಿರುಗಿದ. ಅವನು ತೆಲುಗಿನಲ್ಲಿ, ಅವಳು ಕನ್ನಡದಲ್ಲಿ. ಒಂದು ಮಾತೂ ಇನ್ನೊಬ್ಬರಿಗೆ ಅರ್ಥವಾಗದೆ ಹೋಗಲಿಲ್ಲ. ಅರ್ಧ ಗಂಟೆ ನಡೆಯಿತು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಜಗಳ ಬಿಡಿಸಲು ಬಂದರೇನೋ ಎಂದುಕೊಂಡೆ. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂತೂ ಮಾತಾಡಿದ್ರಲ್ಲ, ಪುಣ್ಯಾ ಬರಲಿ ನಿಮಗ" ಎಂದು ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟಳು. ಕೊನೆಗೆ ಅಜ್ಜ ನಿಟ್ಟುಸಿರು ಬಿಟ್ಟು, "ನಾಳಿಗೆ ತಂದುಕೊಡ್ತೀನಿ, ಆತಿಲ್ಲೋ?" ಎಂದ. ಅಜ್ಜಿ ಗೆದ್ದಳು. ಬುಟ್ಟಿಯನ್ನು ಅಜ್ಜನ ಮುಂದೆ ತಳ್ಳಿದಳು, ಅವನೂ ತೊಟ್ಟು ಬಿಡಿಸಲು ಕೂತ.

ಆ ಓಣಿಯಲ್ಲಿ ಮಾತು ಬಿಟ್ಟ ದಂಪತಿ ಸಿಗುವ ಸಂಭವನೀಯತೆ ಮಧ್ಯಾಹ್ನದ ಹೊತ್ತಿಗೆ ಸೊನ್ನೆಯಾಗಿತ್ತು. ನನ್ನ ವಿದ್ಯಾರ್ಥಿನಿ ಹೊಸ ಕಾಲಮ್ಮನ್ನು ನೀಟಾಗಿ ಅಳಿಸಿದಳು. ಆದರೆ ಪೆನ್ಸಿಲ್ ಮತ್ತೆ ನಿಂತಿತು.

"ಮೇಡಂ, ಅಜ್ಜಿದು ಕನ್ನಡ, ಸರಿ. ಅಜ್ಜ ಜಗಳಕ್ಕ ತೆಲುಗು, ಸೋತ ಮ್ಯಾಲೆ ಕನ್ನಡ. ಎಲ್ಲಿ ಹಾಕ್ಲಿ?"

ಒಂದೂ ಕಾಲು

ಕುರುಗೋಡಿನಲ್ಲಿ ಒಂದು ಮಧ್ಯಾಹ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದರು. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಘಟಕವೊಂದರಲ್ಲಿ ಅವರ ಕೆಲಸ. ಹೊಲಿದು ಬಂದ ಪ್ಯಾಂಟುಗಳ ಜಿಪ್ಪು, ಗುಂಡಿ ಸರಿ ಇದೆಯೋ ಇಲ್ಲವೋ ನೋಡುವುದು. ಆ ದಿನ ನಮ್ಮ ಮೌಲ್ಯಮಾಪನ ಸರಿ ಇದೆಯೋ ಇಲ್ಲವೋ ನೋಡಲು ಬಂದಿದ್ದರು. ಮಗಳು ಹಿಂದೆ ತಲೆ ತಗ್ಗಿಸಿ ನಿಂತಿದ್ದಳು.

"ಮೇಡಂ, ಇದೇನ್ ನ್ಯಾಯರೀ? ಎಲ್ಲಾ ಮಕ್ಕಳೂ ಅರ್ಧ, ಕಾಲು, ಮುಕ್ಕಾಲು ಅಂತ ಬರದಾರ. ನನ್ನ ಮಗಳು ಒಂದೂ ಕಾಲು ಬರದಾಳ. ಹೆಚ್ಚು ಬರದೋರಿಗೆ ಸೊನ್ನಿ, ಕಮ್ಮಿ ಬರದೋರಿಗೆ ಫುಲ್ ಮಾರ್ಕ್ಸಾ?"

ನೋಡಿದೆ. ಕೋಷ್ಟಕದಲ್ಲಿ ಕಂಬಸಾಲಿನ ಮೊತ್ತ ಇಪ್ಪತ್ತೈದನ್ನು ಮೇಲೆ, ಅಡ್ಡಸಾಲಿನ ಮೊತ್ತ ಇಪ್ಪತ್ತನ್ನು ಕೆಳಗೆ ಹಾಕಿ ಭಾಗಿಸಿದ್ದಳು. ಸಂಭವನೀಯತೆ ಒಂದನ್ನು ದಾಟುವಂತಿಲ್ಲ ಎಂದು ಹೇಳಿದೆ.

"ಯಾಕ ದಾಟಬಾರದು? ನನ್ನ ಮಗಳು ಶ್ಯಾಣ್ಯಾಕಿ ಅದಾಳ, ದಾಟ್ಯಾಳ."

ಪುಸ್ತಕದ ಮಾತು ನಡೆಯುವುದಿಲ್ಲ ಅನಿಸಿತು. ಕುರ್ಚಿ ಕೊಟ್ಟು ಕೂರಿಸಿ ಕೇಳಿದೆ, "ನೀವು ಇಪ್ಪತ್ತು ಪ್ಯಾಂಟ್ ತಪಾಸಣೆ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಆ ಇಪ್ಪತ್ತರಲ್ಲಿ ಇಪ್ಪತ್ತೈದು ಪ್ಯಾಂಟಿನ ಜಿಪ್ ಕೆಟ್ಟಿದೆ ಅಂತ ಬರೆದುಕೊಟ್ಟರೆ ನಿಮ್ಮ ಮಾಲೀಕರು ಏನಂತಾರೆ?"

ಅವರು ಉತ್ತರಪತ್ರಿಕೆ ಮಡಚಿದರು. ಮಗಳ ಕಡೆ ನೋಡಿದರು. ಧ್ವನಿ ಇಳಿಸಿ ಹೇಳಿದರು, "ಬೈತಾರ್ರಿ."

"ನೋಡಿದಿರಾ? ನಿಮಗೇ ಗೊತ್ತಾಯಿತು."

"ಗೊತ್ತಾಗೋದೇನ್ ಬಂತು ಮೇಡಂ. ಹೋದ ತಿಂಗಳು ಬೈದಾರ."

ಸ್ಟಾಫ್ ರೂಮು ನಕ್ಕಿತು, ಅವರೂ ನಕ್ಕರು, ಮಗಳು ಮೊದಲ ಸಲ ತಲೆ ಎತ್ತಿದಳು. ಅಪ್ಪ ಮಗಳು ಇಬ್ಬರೂ ನನ್ನ ಮೇಜಿನ ಬಳಿ ಕೂತು, ಯಾವಾಗ ಯಾವ ಮೊತ್ತವನ್ನು ಕೆಳಗೆ ಹಾಕಬೇಕು ಎನ್ನುವುದನ್ನು ಪ್ಯಾಂಟಿನ ಲೆಕ್ಕದಲ್ಲೇ ಕಲಿತು ಎದ್ದರು. 'ಯಾರ ಪೈಕಿ ಅಂತ ಕೇಳ್ಯಾರೋ ಅವರು ಕೆಳಗ' ಎಂದು ಅಪ್ಪನೇ ಸೂತ್ರ ಮಾಡಿಕೊಟ್ಟರು. ಅದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ಹೇಳಲಾರೆ.

ಮುಂದಿನ ಪರೀಕ್ಷೆಯಲ್ಲಿ ಅವಳಿಗೆ ಆ ಪಾಠದಲ್ಲಿ ಪೂರ್ತಿ ಅಂಕ. ಕೊನೆಯ ಉತ್ತರದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: 'ಒಂದರ ಒಳಗೆ ಇದೆ. ತಪಾಸಣೆ ಮಾಡಲಾಗಿದೆ.'

ಸಾರು ಉಳಿಯಿತೋ, ಇಲ್ಲವೋ

ಬಳ್ಳಾರಿಗೆ ವರ್ಗವಾಗಿ ಗಾಂಧಿನಗರದ ಮನೆಗೆ ಬಂದಮೇಲೆ, ಒಂದು ಸಂಜೆ ಊಟದ ಮೇಜಿನ ಮೇಲೆ ಪ್ರಶ್ನೆಪತ್ರಿಕೆ ತಯಾರು ಮಾಡುತ್ತಿದ್ದೆ. ಅತ್ತೆ ಬಗ್ಗಿ ನೋಡಿದರು.

"ಏನದು, ಚೌಕಾಬಾರದ ಮನಿ ಹಂಗ ಗೆರಿ ಹಾಕೀದಿ?"

ಸೊಸೆಯ ವಿದ್ಯೆಯನ್ನು ಅತ್ತೆ ತಾವಾಗಿ ಕೇಳುವುದು ಎಂದರೇನು! ಉತ್ಸಾಹದಿಂದ ಎಲ್ಲ ವಿವರಿಸಿದೆ. ಅಡ್ಡಸಾಲು, ಕಂಬಸಾಲು, ಮೊತ್ತ, ಯಾರ ಪೈಕಿ ಯಾರು, ಎಲ್ಲ. ಅತ್ತೆ "ಹೂಂ, ಹೂಂ" ಎಂದು ಕೇಳಿ ಅಡುಗೆಮನೆಗೆ ಹೋದರು. ಅವರಿಗೆ ಅರ್ಥವಾಗಲಿಲ್ಲ ಎಂದುಕೊಂಡೆ. ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ನನ್ನ ಮುಂದೆ ಇಟ್ಟರು. ಬೆನ್ನ ಕಡೆ ಚೊಕ್ಕವಾದ ಕೋಷ್ಟಕ. ಅಡ್ಡಸಾಲಿಗೆ 'ನಾನು', 'ಸೊಸಿ'. ಕಂಬಸಾಲಿಗೆ 'ಸಾರು ಉಳೀತು', 'ಉಳೀಲಿಲ್ಲ'.

"ಹದಿನಾಕು ದಿನದ್ದು. ಸಾರು ಉಳಿದದ್ದು ಎಷ್ಟು ದಿನ?"

"ನಾಲ್ಕು" ಎಂದೆ.

"ಆ ನಾಕರಾಗ ನೀ ಮಾಡಿದ್ದು?"

"ಮೂರು."

"ನೀ ಅಡಗಿ ಮಾಡಿದ್ದು ಒಟ್ಟು ಎಷ್ಟು ದಿನ?"

"ನಾಲ್ಕು."

"ಅದರಾಗ ಉಳಿದದ್ದು?"

"ಮೂರು."

ಸಾರು ಉಳಿದರೆ ಅದು ಸೊಸೆಯದಾಗಿರುವ ಸಂಭವನೀಯತೆ ಒಂದು, ಸೊಸೆ ಮಾಡಿದರೆ ಉಳಿಯುವ ಸಂಭವನೀಯತೆ ಇನ್ನೊಂದು. ನನ್ನ ವಿದ್ಯಾರ್ಥಿಗಳು ವರ್ಷವಿಡೀ ಇವೆರಡನ್ನು ಕಲಸಿಕೊಂಡು ಒದ್ದಾಡುತ್ತಾರೆ. ಅತ್ತೆ ಎರಡನ್ನೂ ಬೇರೆ ಬೇರೆ ತೆಗೆದು, ಎರಡು ಕಡೆಯಿಂದಲೂ ನನ್ನನ್ನು ನಾಲ್ಕರಲ್ಲಿ ಮೂರಕ್ಕೆ ಕಟ್ಟಿಹಾಕಿದ್ದರು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಗುರುವಾಗಿ ನನಗೆ ಹೆಮ್ಮೆ, ಸೊಸೆಯಾಗಿ ಅವಮಾನ. ನನ್ನ ಗಂಡ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು.

ಕೊನೆಯ ಅಸ್ತ್ರ ತೆಗೆದೆ. "ಅತ್ತೀ, ಬರೀ ನಾಲ್ಕು ದಿನದ ಲೆಕ್ಕ ನೋಡಿ ತೀರ್ಮಾನ ಮಾಡಬಾರದು. ಇನ್ನೂ ಬಹಳ ದಿನದ್ದು ಬೇಕು."

"ನನಗೂ ಹಂಗೇ ಅನಿಸ್ತು ನೋಡು" ಎಂದರು ಅತ್ತೆ, ಕ್ಯಾಲೆಂಡರಿನ ಇನ್ನೊಂದು ಹಾಳೆ ತೆಗೆಯುತ್ತಾ. "ನಾಳಿಂದ ಒಂದು ತಿಂಗಳು ನೀನೇ ಮಾಡು."

ಪತ್ರಿಕೆ ಕೆಳಗಿಳಿಯಿತು. "ಅವ್ವಾ," ಎಂದರು ನನ್ನ ಗಂಡ, "ಇದರಾಗ ನಾನೇನ್ ತಪ್ಪು ಮಾಡೀನಿ?"

ಗೇಟಿನ ಹೊರಗೆ

ಈಗ ಹೇಳುವುದು ಹೋದ ವರ್ಷದ್ದು. ನಮ್ಮ ಕಾಲೇಜಿಗೆ ಕುರುಗೋಡಿನ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಹೆಚ್ಚು. ಒಂದು ಸೋಮವಾರ ಪ್ರಾಂಶುಪಾಲರು ಗೇಟಿನ ರಿಜಿಸ್ಟರ್ ಹಿಡಿದು ಸಭೆ ಸೇರಿಸಿದರು.

"ಹೋದ ವಾರ ತಡವಾಗಿ ಬಂದವರು ಇಪ್ಪತ್ತಾರು ಮಕ್ಕಳು. ಅವರಲ್ಲಿ ಹದಿನಾರು ಕುರುಗೋಡು ಬಸ್ಸಿನವರು! ಅರ್ಧಕ್ಕಿಂತ ಹೆಚ್ಚು! ಗುರುವಾರದಿಂದ ಬೆಲ್ ಹೊಡೆದ ತಕ್ಷಣ ಗೇಟಿಗೆ ಬೀಗ. ಬಸ್ಸಿನವರು ತಡವಾದರೆ ಅಪ್ಪ ಅಮ್ಮನನ್ನು ಕರೆದುಕೊಂಡೇ ಬರಬೇಕು. ಬೇಕಾದರೆ ಹಿಂದಿನ ಬಸ್ಸು ಹಿಡಿಯಲಿ."

ಹಿಂದಿನ ಬಸ್ಸು ಎಂದರೆ ಬೆಳಿಗ್ಗೆ ಆರಕ್ಕೆ. ಅಷ್ಟು ಹೊತ್ತಿಗೆ ಮನೆಕೆಲಸ ಮುಗಿಸಿ ಹೊರಡಲಾರದ ಹುಡುಗಿಯರು ಬಹಳ ಇದ್ದರು. ಕಾಲೇಜು ಬಿಡಿಸಲು ಮನೆಯವರಿಗೆ ಇಂಥದ್ದೊಂದು ನೆಪ ಸಾಕು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಸಭೆ ಮುಗಿದಿತ್ತು.

ಮರುದಿನ ನನ್ನ ತರಗತಿಯ ಒಬ್ಬ ಹುಡುಗಿ, ಅವಳೂ ಕುರುಗೋಡು ಬಸ್ಸಿನವಳೇ, ಒಂದು ಹಾಳೆ ಹಿಡಿದು ಬಂದಳು. "ಮೇಡಂ, ಪ್ರಿನ್ಸಿಪಾಲ್ ಸರ್ ಕೆಳಗ ಹಾಕೋ ಸಂಖ್ಯಾ ತಪ್ಪು ಹಾಕ್ಯಾರ."

ಹಾಳೆ ನೋಡಿದೆ. ಲೆಕ್ಕ ಸರಿ ಇತ್ತು. ಅವಳ ಕೈ ಹಿಡಿದು ನೇರ ಪ್ರಾಂಶುಪಾಲರ ಕೋಣೆಗೆ ಕರೆದುಕೊಂಡು ಹೋದೆ.

"ಸರ್, ಕಾಲೇಜಿನಾಗ ಇನ್ನೂರು ಮಂದಿ ಅದೀವಿ" ಎಂದು ಶುರುಮಾಡಿದಳು. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ಬಸ್ಸಿನವರು ನೂರಾ ಅರವತ್ತು, ಊರಿನವರು ನಲವತ್ತು. ತಡ ಆದವರ ಪೈಕಿ ಬಸ್ಸಿನವರು ಹೆಚ್ಚು, ಖರೇ. ಯಾಕಂದ್ರ ಇಲ್ಲಿ ಬಸ್ಸಿನವರೇ ಹೆಚ್ಚು. ಆದ್ರ ಬಸ್ಸಿನವರ ಪೈಕಿ ತಡ ಆದವರೆಷ್ಟು ಅಂತ ಕೇಳಬೇಕು ಸರ್. ನೂರಾ ಅರವತ್ತರಾಗ ಹದಿನಾರು. ಅಂದ್ರ ಹತ್ತರಾಗ ಒಬ್ಬರು."

"ಸರಿ. ಊರಿನವರು?"

"ನಲವತ್ತರಾಗ ಹತ್ತು ಸರ್. ನಾಕರಾಗ ಒಬ್ಬರು."

ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿದರು. ಅವರು ಇತಿಹಾಸದವರು. ಸೋಲು ಗೆಲುವು ನೋಡಿ ಅಭ್ಯಾಸವಿತ್ತು. "ಮೂವತ್ತು ಕಿಲೋಮೀಟರ್ ದೂರದವರಿಗಿಂತ ಮೂರು ಓಣಿ ಆಚೆಯವರು ತಡವೇ? ಯಾಕಮ್ಮಾ?"

"ನಮಗ ಬಸ್ ತಪ್ಪಿದ್ರ ದಿನಾನೇ ಹೋತು ಸರ್, ಅದಕ್ಕ ಓಡ್ತೀವಿ. ಇವರಿಗೆ ತಪ್ಪಾಕ ಬಸ್ಸೇ ಇಲ್ಲ."

ಪ್ರಾಂಶುಪಾಲರು ಅಲ್ಲೇ ಆದೇಶ ತಿದ್ದಿದರು. ಬಸ್ಸಿನವರಿಗೆ ಹತ್ತು ನಿಮಿಷ ವಿನಾಯಿತಿ, ಅಪ್ಪ ಅಮ್ಮನನ್ನು ಕರೆತರುವ ಮಾತು ರದ್ದು. ಬೆಲ್ಲಿಗೆ ಸರಿಯಾಗಿ ಬೀಗ, ಊರಿನವರಿಗೆ ಮಾತ್ರ. "ಯಾರೇ ಇರಲಿ, ಬಿಡಬೇಡ" ಎಂದು ಕಾವಲುಗಾರನಿಗೂ ಹೇಳಿದರು. ಲೆಕ್ಕ ಮಾಡಿದ ಹುಡುಗಿಗೇ ಗೇಟಿನ ರಿಜಿಸ್ಟರ್ ಕೊಟ್ಟು, ಮುಂದಿನ ಲೆಕ್ಕವನ್ನೂ ಅವಳೇ ಇಡಲಿ ಎಂದರು. ಆ ಮಧ್ಯಾಹ್ನ ಕುರುಗೋಡು ಬಸ್ಸಿನಲ್ಲಿ ಎಷ್ಟು ಕೂಗಾಟವಾಯಿತೆಂದರೆ ಕಂಡಕ್ಟರ್ ಯಾರಿಗೋ ಮದುವೆ ಗೊತ್ತಾಗಿದೆ ಎಂದುಕೊಂಡನಂತೆ.

ಗುರುವಾರ ಬಂತು. ಮನೆಯಿಂದ ಕಾಲೇಜಿಗೆ ಹದಿನೈದು ನಿಮಿಷದ ದಾರಿ. ಹದಿನೈದು ನಿಮಿಷದ್ದು ತಾನೆ ಎಂದು ಹತ್ತು ನಿಮಿಷ ಇರುವಾಗ ಹೊರಟೆ. ಗೇಟು ತಲುಪಿದಾಗ ಬೀಗ ಬಿದ್ದಿತ್ತು. ನನಗಿಂತ ಮುಂಚೆ ಅಲ್ಲಿ ಒಬ್ಬರು ಕಂಬಿ ಹಿಡಿದು ನಿಂತಿದ್ದರು. ಕಾಲೇಜಿನ ಕಂಪೌಂಡಿಗೆ ಅಂಟಿಕೊಂಡೇ ಮನೆ ಇರುವ ನಮ್ಮ ಪ್ರಾಂಶುಪಾಲರು.

"ತೆಗಿಯಪ್ಪಾ" ಎನ್ನುತ್ತಿದ್ದರು.

"ಯಾರೇ ಇರಲಿ ಅಂತ ನೀವೇ ಹೇಳೀರಿ ಸರ್" ಎಂದ ಕಾವಲುಗಾರ, ಬೀಗದ ಕೈಯನ್ನು ಜೇಬಿಗೆ ಇನ್ನಷ್ಟು ಒಳಗೆ ತಳ್ಳುತ್ತಾ.

ಅಷ್ಟರಲ್ಲಿ ಬಸ್ಸು ಬಂತು. ಕುರುಗೋಡಿನ ಮಕ್ಕಳು ಓಡೋಡಿ ಬಂದರು. ಬೆಲ್ಲಾಗಿ ಏಳು ನಿಮಿಷ, ವಿನಾಯಿತಿಯ ಒಳಗೇ. ಕಾವಲುಗಾರ ಪಕ್ಕದ ಚಿಕ್ಕ ಬಾಗಿಲು ತೆರೆದ. ಅವರು ಒಬ್ಬೊಬ್ಬರಾಗಿ ನಮ್ಮಿಬ್ಬರಿಗೂ "ನಮಸ್ಕಾರ ಸರ್, ನಮಸ್ಕಾರ ಮೇಡಂ" ಎಂದು ಕೈ ಮುಗಿಯುತ್ತಾ ಒಳಗೆ ಹೋದರು. ನೂರಕ್ಕೂ ಹೆಚ್ಚು ನಮಸ್ಕಾರಗಳು. ಪ್ರಾಂಶುಪಾಲರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಬೇರೆ ಏನು ಮಾಡಲಾದೀತು?

ಕೊನೆಗೆ ಆ ಹುಡುಗಿ ಒಳಗೆ ಹೋದಳು, ಗೇಟಿನ ಆ ಕಡೆ ನಿಂತು ರಿಜಿಸ್ಟರ್ ತೆರೆದಳು. ನಮ್ಮಿಬ್ಬರನ್ನೂ ನೋಡಿದಳು. ಎರಡು ಗೆರೆ ಎಳೆದಳು. ತುಟಿ ಅಲ್ಲಾಡಿಸುತ್ತಾ ಏನೋ ಕೂಡಿಸಿ, ಭಾಗಿಸಿ, ಬಹಳ ಗೌರವದಿಂದ ಹೇಳಿದಳು:

"ಸರ್, ನಿಮ್ಮಿಬ್ಬರನ್ನೂ ಸೇರಿಸಿದ್ರ ಊರಿನವರು ನಲವತ್ತೆರಡರಾಗ ಹನ್ನೆರಡು ಆತು. ಮೊದಲು ನಾಕರಾಗ ಒಬ್ಬರಿದ್ರು. ಈಗ ಏಳರಾಗ ಇಬ್ಬರು. ಊರಿನವರ ಪರಿಸ್ಥಿತಿ ಇನ್ನೂ ಕೆಟ್ಟೈತಿ."

ಪ್ರಾಂಶುಪಾಲರು ಕಂಬಿ ಬಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದರು. "ಲೆಕ್ಕ ಸರಿ ಇದೆಯೇನ್ರೀ ಮೇಡಂ?"

ಸುಳ್ಳು ಹೇಳಬಹುದಿತ್ತು. ಆದರೆ ಎಷ್ಟೋ ವರ್ಷ ಕಲಿಸಿದ ಪಾಠವನ್ನು ಇಷ್ಟು ಸೊಗಸಾಗಿ, ಇಷ್ಟು ಬೇಗ, ಎರಡೇ ಗೆರೆ ಎಳೆದು ಮಾಡಿ ತೋರಿಸಿದವಳನ್ನು ನಾನು ನೋಡಿರಲಿಲ್ಲ. ಬಿಸಿಲಿನಲ್ಲಿ, ಬೀಗ ಹಾಕಿದ ಗೇಟಿನ ಹೊರಗೆ ನಿಂತು, ನನ್ನ ಇಡೀ ನೌಕರಿಯಲ್ಲಿ ಯಾವತ್ತೂ ಇಲ್ಲದಷ್ಟು ಎದೆಯುಬ್ಬಿಸಿ ಹೇಳಿದೆ:

"ಸರಿ ಇದೆ ಸರ್. ಫುಲ್ ಮಾರ್ಕ್ಸ್."

"ಹಾಗಾದರೆ," ಎಂದರು ಪ್ರಾಂಶುಪಾಲರು ಹುಡುಗಿಯ ಕಡೆ ತಿರುಗಿ, "ನಾಳೆ ನಮ್ಮ ಅಪ್ಪ ಅಮ್ಮನನ್ನು ಕರೆದುಕೊಂಡು ಬರಬೇಕೇನಮ್ಮಾ?"